ಪೀಠಿಕೆ ಇಲ್ಲದೆ ಬರೆಯಲಿ: ಹಳ್ಳಿಯ ಹೈಸ್ಕೂಲಿನಲ್ಲಿ ಬರವಣಿಗೆ ಕಮ್ಮಟ ನಡೆಸುವ ಬಗೆ

(ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ಒಂಬತ್ತನೇ ತರಗತಿಯ ಮಕ್ಕಳಿಗೆ ‘ನಿಮ್ಮ ಊರಿನ ಬಗ್ಗೆ ಬರೆಯಿರಿ’ ಎಂದು ಹೇಳಿ ನೋಡಿ. ಜಗಳೂರು ಕಡೆಯ ಶಾಲೆಯಾಗಲಿ, ಹೊನ್ನಾಳಿ ಕಡೆಯದಾಗಲಿ, ಬಹುಪಾಲು ಹಾಳೆಗಳ ಮೊದಲ ಸಾಲು ಒಂದೇ: ‘ನಮ್ಮ ಊರು ಒಂದು ಸುಂದರವಾದ ಹಳ್ಳಿ.’ ಎರಡನೇ ಸಾಲು: ‘ಇಲ್ಲಿನ ಜನರು ಅನ್ಯೋನ್ಯವಾಗಿ ಬಾಳುತ್ತಾರೆ.’ ಭದ್ರಾ ನಾಲೆಯ ನೀರು ಗದ್ದೆಗೆ ಬರುವ ಊರಿಗೂ ಅದೇ ಸಾಲು, ಬೋರು ಕೊರೆಸಿ ಕೊರೆಸಿ ಸಾಲ ಮೈಮೇಲೆ ಬಂದಿರುವ ಊರಿಗೂ ಅದೇ ಸಾಲು. ಮಕ್ಕಳು ಸೋಮಾರಿಗಳೆಂದು ಹೀಗಾಗುವುದಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗ ಮಾಡಿ ಬರೆದರೆ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಬರುತ್ತದೆ, ಅದನ್ನೇ ಅವರಿಗೆ ಅಭ್ಯಾಸ ಮಾಡಿಸಿರುತ್ತಾರೆ. ಅದು ಪರೀಕ್ಷೆಗೆ ಬೇಕಾದದ್ದೇ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಅದೇ ಹುಡುಗಿ ಹತ್ತು ನಿಮಿಷದ ಬಿಡುವಿನಲ್ಲಿ ಗೆಳತಿಗೆ ಹೇಳುವ ಮಾತು ಕೇಳಿ: ‘ನಿನ್ನೆ ಸಂಜಿ ಕರೆಂಟ್ ಹೋತಲ್ಲ, ನಮ್ಮಜ್ಜಿ ಮೊಬೈಲ್ ಬೆಳಕಲ್ಲೇ ರೊಟ್ಟಿ ಬಡಿದ್ಳು, ಒಂದು ರೊಟ್ಟಿ ಹಂಚಿನ್ಮ್ಯಾಗೆ ಕರ್ರಗಾತು, ಅದನ್ನ ನನಗೇ ಹಾಕಿದ್ಳು.’ ಇದರಲ್ಲಿ ಜಾಗ ಇದೆ, ಹೊತ್ತು ಇದೆ, ಮನುಷ್ಯರಿದ್ದಾರೆ, ಒಂದು ಸಣ್ಣ ಮುನಿಸೂ ಇದೆ.

ಕಮ್ಮಟ ಮಾಡಬೇಕಾದ ಕೆಲಸ ಇಷ್ಟೇ ಎಂದು ನಾನು ತಿಳಿದಿದ್ದೇನೆ: ಈ ಬಾಯಿಮಾತು ಹಾಳೆಗೆ ಇಳಿಯುವಂತೆ ಮಾಡುವುದು, ಇಳಿದದ್ದನ್ನು ಇನ್ನೊಂದು ಸಲ ಬರೆಸುವುದು. ಮೊದಲನೆಯದನ್ನು ಹಲವರು ಮಾಡುತ್ತಾರೆ. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಕ್ಕೇ ಅನೇಕ ಕಮ್ಮಟಗಳು ಹಾಡು, ಆಟ, ಗುಂಪು ಫೋಟೊಗಳಲ್ಲಿ ಮುಗಿದುಹೋಗುತ್ತವೆ.

ಈ ಕೆಲಸಕ್ಕೆ ಹೆಸರಾಂತ ಸಾಹಿತಿಗಳಿಗಿಂತ ನೀವೇ ತಕ್ಕವರು. ಹದಿನಾಲ್ಕು ವರ್ಷದ ಹುಡುಗನಿಗೆ ಹತ್ತೊಂಬತ್ತರ ಅಣ್ಣನ ಮುಂದೆ ಪೆದ್ದನಾಗಿ ಕಾಣುವ ಭಯ ಕಡಿಮೆ. ನಿಮ್ಮಲ್ಲಿ ಎಷ್ಟೋ ಮಂದಿ ಇಂಥದ್ದೇ ಸರ್ಕಾರಿ ಹೈಸ್ಕೂಲಿನಲ್ಲಿ ಓದಿ, ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕಾಲೇಜಿಗೆ ಬರುವವರು. ಅಪಾಯ ಇರುವುದೂ ನಿಮ್ಮಲ್ಲೇ. ಸೀಮೆಸುಣ್ಣ ಕೈಗೆ ಬಂದ ಕೂಡಲೇ ನಿಮ್ಮ ದನಿ ನಿಮ್ಮ ಹಳೆಯ ಮೇಷ್ಟ್ರ ದನಿಯಾಗುತ್ತದೆ. ‘ಸೈಲೆನ್ಸ್’ ಅನ್ನುತ್ತೀರಿ, ‘ಇದು ತಪ್ಪು’ ಅನ್ನುತ್ತೀರಿ. ಅಲ್ಲಿಗೆ ಮಕ್ಕಳು ಮತ್ತೆ ಪೀಠಿಕೆಗೆ ವಾಪಸ್ಸು. ಹಾಗಾಗಿ ಮೊದಲ ದಿನವೇ ಹೇಳಿಬಿಡಿ, ಸರ್ ಮೇಡಂ ಬೇಡ, ಅಣ್ಣ ಅಕ್ಕ ಸಾಕು. ಬೋರ್ಡಿನ ಮುಂದೆ ನಿಲ್ಲಬೇಡಿ, ಅವರ ಜೊತೆ ನೆಲದ ಮೇಲೆ ಕೂತುಕೊಳ್ಳಿ.

ಯಾವ ತರಗತಿ, ಎಷ್ಟು ಮಕ್ಕಳು, ಯಾವ ತಿಂಗಳು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿ ಎಲ್ಲಕ್ಕಿಂತ ಒಳ್ಳೆಯದು. ಹತ್ತರವರ ತಲೆಮೇಲೆ ಪರೀಕ್ಷೆ ಕೂತಿರುತ್ತದೆ, ಎಂಟರವರಿಗೆ ಶಾಲೆಯೇ ಹೊಸದು. ಮೂವತ್ತು ಮಕ್ಕಳಿಗೆ ಆರು ಜನ ಬೇಕು, ಅಂದರೆ ಐವರಿಗೆ ಒಬ್ಬರು. ಒಬ್ಬರ ಪಾಲಿಗೆ ಎಂಟು ಮಕ್ಕಳು ಬಂದರೆ ಕೊನೆಯ ಮೂವರ ಹಾಳೆಯನ್ನು ಯಾರೂ ಓದಿರುವುದಿಲ್ಲ, ಆ ಮೂವರು ಯಾವಾಗಲೂ ಮಾತಾಡದ ಮಕ್ಕಳೇ ಆಗಿರುತ್ತಾರೆ. ಆಗಸ್ಟ್ ಹದಿನೈದರ ಕವಾಯತು ಮುಗಿದ ಮೇಲೆ ಶುರುಮಾಡಿ, ದಸರಾ ರಜೆಗೆ ಮೊದಲು ಮುಗಿಸಿ. ಅಕ್ಟೋಬರ್, ನವೆಂಬರ್‌ನಲ್ಲಿ ಚಳ್ಳಕೆರೆ ಕಡೆ ಶೇಂಗಾ ಕೀಳುವ ಕೆಲಸ, ದಾವಣಗೆರೆ ಕಡೆ ಮೆಕ್ಕೆಜೋಳ ಮುರಿಯುವ ಕೆಲಸ. ಮಕ್ಕಳು ಹೊಲದಲ್ಲಿರುತ್ತಾರೆ. ಡಿಸೆಂಬರ್‌ನಲ್ಲಿ ಪ್ರವಾಸ, ವಾರ್ಷಿಕೋತ್ಸವ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಪದವಿ ಕಾಲೇಜುಗಳು 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೇ ಬರುವುದರಿಂದ ನಿಮ್ಮ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ದಿನ ಗೊತ್ತುಮಾಡಿ.

ಸತತ ಮೂರು ದಿನ ಮಾಡುವುದಕ್ಕಿಂತ ಐದು ಶನಿವಾರ ಮಾಡುವುದು ಮೇಲು. ನಡುವಿನ ಆರು ದಿನಗಳಲ್ಲಿ ಮಕ್ಕಳು ಮನೆಯಿಂದ ಮಾತು, ಪದ, ಒಗಟು ಹೊತ್ತು ತರುತ್ತಾರೆ. ಶನಿವಾರ ಶಾಲೆ ಬೆಳಗಿನ ಹೊತ್ತಷ್ಟೇ ಇರುತ್ತದೆ. ಬಿಸಿಯೂಟ ಆದ ಮೇಲೆ ಎರಡೂವರೆ ಗಂಟೆ ಸಾಕು. ಮೂರು ಗಂಟೆಯ ಒಳಗೆ ಬಿಡಿ, ಏಕೆಂದರೆ ಪಕ್ಕದ ಊರಿನ ಹುಡುಗಿಯರಿಗೆ ಬಸ್ಸು ತಪ್ಪಿದರೆ ಮುಂದಿನ ವಾರ ಅವರನ್ನು ಮನೆಯಿಂದ ಕಳಿಸುವುದಿಲ್ಲ. ನಿಮ್ಮ ಬಸ್ಸಿನ ಲೆಕ್ಕವನ್ನೂ ಹಾಕಿಕೊಳ್ಳಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಎರಡು ಜಿಲ್ಲೆಗಳ ಎಷ್ಟೋ ಹಳ್ಳಿಗಳಿಗೆ ಹೋಗುವುದು ಖಾಸಗಿ ಬಸ್ಸು. ಅನುಮತಿಗೆ ಮುಖ್ಯ ಶಿಕ್ಷಕರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡಿ. ಪತ್ರದಲ್ಲಿ ಬರುವವರೆಲ್ಲರ ಹೆಸರು, ದಿನಾಂಕ, ಜೊತೆಗೆ ಬರುವ ಅಧ್ಯಾಪಕರ ಹೆಸರು ಇರಲಿ. ಎನ್‌ಎಸ್‌ಎಸ್‌ನಲ್ಲಿರುವವರು ವರ್ಷಕ್ಕೆ 120 ಗಂಟೆಯ ಸೇವೆ ಮಾಡಲೇಬೇಕು. ಇದನ್ನು ಅದರಲ್ಲಿ ಸೇರಿಸಲು ಕಾರ್ಯಕ್ರಮ ಅಧಿಕಾರಿಯನ್ನು ಮೊದಲೇ ಕೇಳಿಕೊಳ್ಳಿ. ಏಳು ದಿನದ ವಿಶೇಷ ಶಿಬಿರದೊಳಗೆ ಕಮ್ಮಟವನ್ನು ತುರುಕಬೇಡಿ. ಅಲ್ಲಿ ಶ್ರಮದಾನ ಮುಗಿಸಿ ಎಲ್ಲರೂ ಸುಸ್ತಾಗಿರುತ್ತಾರೆ, ಸಂಜೆ ಮಕ್ಕಳು ನಾಟಕ ನೋಡಲು ಬಂದಿರುತ್ತಾರೆ.

ಶಾಲೆಗೆ ಹೋಗುವ ಮೊದಲು ನಿಮಗೆ ಎರಡು ದಿನದ ತಯಾರಿ ಬೇಕು. ಮಕ್ಕಳಿಗೆ ಕೊಡುವ ಪ್ರತಿಯೊಂದು ಅಭ್ಯಾಸವನ್ನೂ ನೀವು ಮೊದಲು ಬರೆಯಬೇಕು, ಒಬ್ಬರ ಮುಂದೆ ಒಬ್ಬರು ಓದಬೇಕು. ತಾನು ಬರೆದದ್ದನ್ನು ಓದುವಾಗ ಗಂಟಲು ಒಣಗುವುದು ಹೇಗಿರುತ್ತದೆ ಎಂದು ಗೊತ್ತಿಲ್ಲದವರು ಮಗುವಿನ ಹಾಳೆ ಮುಟ್ಟಬಾರದು. ಎರಡನೆಯದು, ಇನ್ನೊಬ್ಬರ ಬರಹ ಓದಿ ಉತ್ತರ ಕೊಡುವ ಅಭ್ಯಾಸ. ‘ಚೆನ್ನಾಗಿದೆ’ ಎಂಬ ಮಾತನ್ನು ಈ ಎರಡು ದಿನ ನಿಷೇಧಿಸಿಕೊಳ್ಳಿ. ಅದರಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಎರಡೇ ವಾಕ್ಯ ರೂಢಿಮಾಡಿಕೊಳ್ಳಿ: ‘ನನ್ನ ಕಣ್ಣಿಗೆ ಕಟ್ಟಿದ್ದು ಈ ಜಾಗ’ ಮತ್ತು ‘ಇಲ್ಲಿ ನನಗೆ ಇನ್ನಷ್ಟು ತಿಳಿಬೇಕು ಅನ್ನಿಸ್ತು.’ ಬೆರಳಿಟ್ಟು ಆ ಸಾಲನ್ನು ತೋರಿಸಬೇಕು. ಕಾಗುಣಿತದ ತಪ್ಪು ಕಂಡರೆ ಐದನೇ ಶನಿವಾರದವರೆಗೆ ಬಾಯಿ ಬಿಡಬಾರದು. ಕನ್ನಡ ಎಂ.ಎ. ಮಾಡುವವರಿಗೆ ಇದು ಎಲ್ಲಕ್ಕಿಂತ ಕಷ್ಟ. ‘ಭಾಷೆ’ಯನ್ನು ‘ಬಾಸೆ’ ಎಂದು ಬರೆದದ್ದು ಕಂಡರೆ ಕೈ ತುರಿಸುತ್ತದೆ. ತಡೆದುಕೊಳ್ಳಿ. ಮೊದಲ ದಿನ ಒಂದು ಮಹಾಪ್ರಾಣ ತಿದ್ದಿದರೆ ಎರಡನೇ ದಿನ ಆ ಮಗು ತನಗೆ ಖಾತ್ರಿಯಿರುವ ಪದಗಳನ್ನು ಮಾತ್ರ ಬರೆಯುತ್ತದೆ, ಆ ಪದಗಳೆಲ್ಲ ಪಠ್ಯಪುಸ್ತಕದವು.

ಸಾಮಾನು ಹೆಚ್ಚು ಬೇಡ. ಎ4 ಹಾಳೆಯ ಒಂದು ರೀಮು, ಅಂದರೆ 500 ಹಾಳೆ. ಮೊದಲ ನಾಲ್ಕು ವಾರಕ್ಕೆ ಅದನ್ನು ಅಡ್ಡಕ್ಕೆ ಅರ್ಧ ಕತ್ತರಿಸಿಕೊಳ್ಳಿ. ಒಂದು ಮಗುವಿಗೆ ಹನ್ನೆರಡು ಅರ್ಧ ಹಾಳೆ ಹಿಡಿದರೆ ಮೂವತ್ತು ಮಕ್ಕಳಿಗೆ 180 ಪೂರ್ತಿ ಹಾಳೆ ಸಾಕು, ಉಳಿದದ್ದು ಪುಸ್ತಕಕ್ಕೆ. ಅರ್ಧ ಹಾಳೆ ಯಾಕೆಂದರೆ, ಪೂರ್ತಿ ಹಾಳೆಯನ್ನು ಕಂಡ ಮಗು ಅದನ್ನು ತುಂಬಿಸುವುದು ಹೇಗೆಂದು ಯೋಚಿಸುತ್ತದೆ. ಅರ್ಧ ಹಾಳೆ ಏಳು ನಿಮಿಷದಲ್ಲಿ ತುಂಬಿ, ‘ಇನ್ನೊಂದು ಕೊಡಕ್ಕ’ ಎಂದು ಕೈ ಚಾಚುತ್ತದೆ. ಪೆನ್ನಿನಲ್ಲಿ ಬರೆಯಲಿ. ಪೆನ್ಸಿಲ್, ರಬ್ಬರ್ ಬೇಡ. ರಬ್ಬರ್ ಇದ್ದರೆ ಮೊದಲ ಸಾಲನ್ನೇ ನಾಲ್ಕು ಸಲ ಅಳಿಸಿ ಹೊತ್ತು ಕಳೆಯುತ್ತಾರೆ. ಬೇಡವಾದದ್ದಕ್ಕೆ ಒಂದು ಗೆರೆ ಎಳೆದರೆ ಆಯಿತು, ಹೊಡೆದುಹಾಕಿದ ಪದವೂ ಓದಲು ಸಿಗುವಂತಿರಲಿ. ಮರದ ಕೆಳಗೆ ಕೂರಲು ಪರೀಕ್ಷೆಯ ಪ್ಯಾಡು ತರಲು ಹೇಳಿ.

ಐವರ ಗುಂಪನ್ನು ಹೇಗೆ ಮಾಡುತ್ತೀರಿ ಎಂಬುದು ಸಣ್ಣ ವಿಷಯವಲ್ಲ. ಮಕ್ಕಳು ಕೂತಿರುವ ಬೆಂಚಿನ ಪ್ರಕಾರ ಮಾಡಿದರೆ ಊರು, ಹಟ್ಟಿ, ತಾಂಡಾ, ಕೇರಿ ಹಾಗೆಯೇ ಗುಂಪಾಗಿ ಬರುತ್ತವೆ. ಒಂದರಿಂದ ಆರರವರೆಗೆ ಎಣಿಸಿಕೊಂಡು ಹೋಗಿ, ಒಂದು ಹೇಳಿದವರೆಲ್ಲ ಒಂದು ಕಡೆ. ಅಡ್ಡಹೆಸರು ಕೇಳಬೇಡಿ, ‘ನಿಮ್ಮ ಮನೆ ಯಾವ ಓಣಿ’ ಎಂದೂ ಎಲ್ಲರೆದುರು ಕೇಳಬೇಡಿ. ಒಂದು ಗುಂಪಿನಲ್ಲಿ ಒಬ್ಬಳೇ ಹುಡುಗಿ ಬಂದರೆ ಬದಲಿಸಿ, ಕನಿಷ್ಠ ಇಬ್ಬರಿರಲಿ.

ಮೊದಲ ಶನಿವಾರದ ಅಭ್ಯಾಸ ಒಂದು ಪಟ್ಟಿ. ಇವತ್ತು ಎದ್ದಾಗಿನಿಂದ ಶಾಲೆಗೆ ಬರುವವರೆಗೆ ನಿಮ್ಮ ಕಿವಿಗೆ ಬಿದ್ದ ಹತ್ತು ಶಬ್ದ ಬರೆಯಿರಿ. ಹತ್ತು ಎಂಬುದನ್ನು ಐದಕ್ಕೆ ಇಳಿಸಬೇಡಿ. ಮೊದಲ ನಾಲ್ಕೈದು ಪುಸ್ತಕದಿಂದ ಬರುತ್ತವೆ: ಕೋಳಿಯ ಕೂಗು, ಹಕ್ಕಿಗಳ ಚಿಲಿಪಿಲಿ, ದೇವಸ್ಥಾನದ ಗಂಟೆ. ಆರನೆಯದಕ್ಕೆ ಪೆನ್ನು ನಿಲ್ಲುತ್ತದೆ. ಆಗ ಅವಸರ ಮಾಡದೆ ಕಾಯಿರಿ. ಅದಾದ ಮೇಲೆ ಬರುವುದು ನಿಜವಾಗಿ ಕೇಳಿದ್ದು: ಡೈರಿ ಮೈಕಿನಲ್ಲಿ ಕೂಗಿದ ಹೆಸರು, ಮೋಟ್ರು ಸ್ಟಾರ್ಟರು ಟಪ್ ಅಂದದ್ದು, ಪಕ್ಕದ ಮನೆಯ ಮಿಕ್ಸಿ, ಅಪ್ಪನ ಕೆಮ್ಮು, ಕುರಿ ರೊಪ್ಪದ ಬಾಗಿಲು. ಏಳರಿಂದ ಹತ್ತರೊಳಗಿನ ಒಂದಕ್ಕೆ ಗುರುತು ಹಾಕಿ ಅದೊಂದರ ಬಗ್ಗೆಯೇ ಏಳು ನಿಮಿಷ ಬರೆಯಲು ಹೇಳಿ. ನಿಯಮ ಒಂದೇ, ಪೆನ್ನು ನಿಲ್ಲಬಾರದು. ಏನೂ ಹೊಳೆಯದಿದ್ದರೆ ‘ಏನೂ ಹೊಳೀತಿಲ್ಲ’ ಎಂದೇ ಬರೆಯುತ್ತಾ ಹೋಗಲಿ, ಎರಡನೇ ಸಲ ಹಾಗೆ ಬರೆಯುವ ಮೊದಲೇ ಏನಾದರೂ ಹೊಳೆಯುತ್ತದೆ. ನೀವೂ ಅದೇ ಹೊತ್ತಿನಲ್ಲಿ ಬರೆಯಬೇಕು. ತಿರುಗಾಡುತ್ತಾ ಹಾಳೆ ಇಣುಕುವವರು ಪರೀಕ್ಷಾ ಮೇಲ್ವಿಚಾರಕರಂತೆ ಕಾಣುತ್ತಾರೆ.

ಇಲ್ಲಿ ಎಚ್ಚರಿಕೆ: ಶುರುವಿನಲ್ಲಿ ದೊಡ್ಡ ಕವಿಗಳ ಪದ್ಯವನ್ನು ಮಾದರಿಯೆಂದು ಓದಬೇಡಿ. ಒಳ್ಳೆಯ ಉದ್ದೇಶದಿಂದಲೇ ಓದುತ್ತೀರಿ, ಮಕ್ಕಳು ಅದರಿಂದ ಪ್ರಾಸವನ್ನಷ್ಟೇ ಎತ್ತಿಕೊಳ್ಳುತ್ತಾರೆ. ‘ಅಮ್ಮ’ಕ್ಕೆ ‘ಗುಮ್ಮ’, ‘ಶಾಲೆ’ಗೆ ‘ಮಾಲೆ’. ಕವಿತೆ ಓದುವುದಿದ್ದರೆ ಅವರು ಬರೆದಾದ ಮೇಲೆ ಓದಿ.

ಎರಡನೇ ಶನಿವಾರ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಕೈಯಾರೆ ಮಾಡಿ ಗೊತ್ತಿರುವ ಒಂದು ಕೆಲಸವನ್ನು, ಅದು ಗೊತ್ತಿಲ್ಲದ ಅಕ್ಕನಿಗೆ ತಿಳಿಯುವಂತೆ ಬರೆಯುವುದು. ಈ ನಾಡಿನ ಮಕ್ಕಳಿಗೆ ಗೊತ್ತಿರುವ ಕೆಲಸಗಳೋ! ಶೇಂಗಾ ಬಿಡಿಸುವುದು, ಚನ್ನಗಿರಿ ಕಡೆ ಅಡಿಕೆ ಸುಲಿಯುವುದು, ಮೊಳಕಾಲ್ಮುರು ಕಡೆ ಮಗ್ಗದ ಮನೆಯಲ್ಲಿ ರೇಷ್ಮೆ ಎಳೆ ಸುತ್ತುವುದು, ಚಳ್ಳಕೆರೆ ಕಡೆ ಕುರಿಯ ತುಪ್ಪಟ ಕತ್ತರಿಸುವುದು, ಮನೆಮನೆಯಲ್ಲೂ ರೊಟ್ಟಿ ಬಡಿಯುವುದು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗ ಇಲ್ಲಿ ಎಲ್ಲರಿಗಿಂತ ಬಲ್ಲವನಾಗುತ್ತಾನೆ. ಕುರಿಯ ಕಾಲನ್ನು ಯಾವ ಕಡೆಯಿಂದ ಮಡಚಿ ಹಿಡಿಯಬೇಕು, ಕತ್ತರಿ ಮೊದಲು ಎಲ್ಲಿಗೆ ಹೋಗಬೇಕು, ಚರ್ಮ ತಾಗಿದರೆ ಏನು ಹಚ್ಚಬೇಕು ಎಂದು ನೀವು ಕೇಳುತ್ತಾ ಹೋದಂತೆ ಅವನ ಬೆನ್ನು ನೆಟ್ಟಗಾಗುತ್ತದೆ. ನಿಮಗೆ ಗೊತ್ತಿದ್ದರೂ ಗೊತ್ತಿದೆ ಎಂದು ತೋರಿಸಿಕೊಳ್ಳಬೇಡಿ. ಬರೆದಾದ ಮೇಲೆ ಗುಂಪಿನ ಇನ್ನೊಬ್ಬ ಹುಡುಗ ಆ ಹಾಳೆಯನ್ನು ನೋಡಿಕೊಂಡು ಕೆಲಸವನ್ನು ಅಭಿನಯಿಸಿ ತೋರಿಸಲಿ. ಎಲ್ಲಿ ಕೈ ತಡೆಯುತ್ತದೋ ಅಲ್ಲಿ ಒಂದು ಸಾಲು ಕಡಿಮೆಯಾಗಿದೆ ಎಂದು ಬರೆದವನಿಗೇ ಗೊತ್ತಾಗುತ್ತದೆ. ‘ವಿವರ ಬರೆ’ ಎಂದು ಹತ್ತು ಸಲ ಹೇಳಿದರೂ ಆಗದ ಕೆಲಸ ಹೀಗೆ ಒಂದೇ ಸಲಕ್ಕೆ ಆಗುತ್ತದೆ.

ಆ ದಿನ ಮನೆಗೆ ಕಳಿಸುವಾಗ ಒಂದು ಕೆಲಸ ಕೊಡಿ. ಅಜ್ಜಿ, ತಾತ ಅಥವಾ ಓಣಿಯ ಯಾರಾದರೂ ಹಿರಿಯರಿಂದ, ಶಾಲೆಯ ಪುಸ್ತಕದಲ್ಲಿ ಇಲ್ಲದ ಮೂರು ಪದ, ಒಂದು ಒಗಟು, ಸಿಕ್ಕರೆ ಒಂದು ಹಾಡಿನ ಮೂರು ಸಾಲು. ‘ತಾಯಿಯ ಬಗ್ಗೆ ಕವನ ಬರೆದು ತನ್ನಿ’ ಎಂದರೆ ಮೊಬೈಲಿನಿಂದ ಇಳಿಸಿಕೊಂಡು ಬರುತ್ತಾರೆ. ಓಣಿಯ ಅಜ್ಜಿಯ ಪದ ಮೊಬೈಲಿನಲ್ಲಿ ಸಿಗುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಹಾಡುಗಳು ವಿದ್ವಾಂಸರ ಕೈಯಲ್ಲಿ ಪುಸ್ತಕಗಳಾದವು. ಜುಂಜಪ್ಪ, ಎತ್ತಪ್ಪ ಮೊದಲಾದ ಸಾಂಸ್ಕೃತಿಕ ವೀರರ ಕಾವ್ಯ ಬಾಯಿಂದ ಬಾಯಿಗೆ ಉಳಿದಿರುವ ನಾಡು ಇದು. ಆ ಹಟ್ಟಿಗಳ ಮಕ್ಕಳು ನಿಮ್ಮ ಮುಂದೆ ಕೂತು ‘ನಮಗೆ ಸಾಹಿತ್ಯ ಬರಲ್ಲಕ್ಕ’ ಅನ್ನುತ್ತಾರೆ. ಇದಕ್ಕಿಂತ ನೋವಿನ ಮಾತು ನನಗೆ ಬೇರೊಂದು ಕಾಣುವುದಿಲ್ಲ. ತ್ರಿಪದಿಯ ಮೂರು ಸಾಲನ್ನು ಅವರಿಂದಲೇ ಹಾಡಿಸಿ, ಹಾಡುವಾಗ ಎರಡನೇ ಸಾಲಿನ ಮಾತು ಹೇಗೆ ಮರಳಿ ಬರುತ್ತದೆ ಎಂದು ಅವರೇ ಗುರುತಿಸಲಿ.

ಮೂರನೇ ಶನಿವಾರ ಮಾತುಕತೆ. ಸಂತೆಯಲ್ಲೋ ಬಸ್ಸಿನಲ್ಲೋ ಇಬ್ಬರ ನಡುವೆ ಎಂಟೇ ಸಾಲಿನ ಸಂಭಾಷಣೆ, ‘ಎಂದನು’, ‘ಎಂದಳು’ ಇಲ್ಲದೆ. ಯಾರ ಮಾತು ಯಾವುದು ಎಂಬುದು ಮಾತಿನಿಂದಲೇ ತಿಳಿಯಬೇಕು. ಇಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಹರಿಹರ, ಹೊನ್ನಾಳಿ ಕಡೆ ‘ಐತಿ’, ಚಳ್ಳಕೆರೆ, ಹಿರಿಯೂರು ಕಡೆ ‘ಐತೆ’. ಹೇಗೆ ಆಡುತ್ತಾರೋ ಹಾಗೇ ಬರೆಯಲಿ. ಮೊಳಕಾಲ್ಮುರು, ಚಳ್ಳಕೆರೆಯ ಗಡಿ ಊರುಗಳಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ತಾಂಡಾದ ಮಕ್ಕಳದು ಲಂಬಾಣಿ, ಇನ್ನು ಕೆಲವರದು ಉರ್ದು. ಅಜ್ಜಿ ತೆಲುಗಿನಲ್ಲಿ ಬೈದರೆ ಆ ಬೈಗುಳ ಕನ್ನಡ ಲಿಪಿಯಲ್ಲಿ ತೆಲುಗಾಗಿಯೇ ಬರಲಿ, ಕಥೆಯ ಉಳಿದ ಭಾಗ ಕನ್ನಡದಲ್ಲಿರಲಿ. ಎಲ್ಲವನ್ನೂ ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಿದರೆ ಅಜ್ಜಿ ಆಕಾಶವಾಣಿಯ ವಾರ್ತೆ ಓದಿದಂತಾಗುತ್ತದೆ. ಶಾಲೆಯ ಶಿಕ್ಷಕರು ‘ಇದರಿಂದ ಪರೀಕ್ಷೆಯಲ್ಲಿ ಹೀಗೇ ಬರೆದುಬಿಟ್ಟರೆ?’ ಎಂದು ಕೇಳುವುದು ನ್ಯಾಯವಾದದ್ದು. ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ: ಪರೀಕ್ಷೆಯ ಕನ್ನಡ ಬೇರೆ, ಅದನ್ನೂ ಕಲಿಯಬೇಕು, ಇಲ್ಲಿ ಬರೆಯುವುದು ಬೇರೆ. ಹದಿನಾಲ್ಕು ವರ್ಷದವರಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. ಆ ಶಿಕ್ಷಕರಿಗೂ ಒಂದು ಅರ್ಧ ಹಾಳೆ ಕೊಟ್ಟು ಬರೆಯಲು ಕೂರಿಸಿ. ಬರೆಯುವ ಶಿಕ್ಷಕರು ಗದರುವುದಿಲ್ಲ.

ಮೂವತ್ತು ಮಕ್ಕಳಲ್ಲಿ ಕೆಲವರಿಗೆ ಸರಾಗವಾಗಿ ಬರೆಯಲು ಬರುವುದಿಲ್ಲ ಎಂಬುದು ಮೊದಲ ದಿನವೇ ನಿಮಗೆ ಗೊತ್ತಾಗುತ್ತದೆ. ಅವರು ‘ಪೆನ್ನು ಬರೀತಿಲ್ಲ’ ಅನ್ನುತ್ತಾರೆ, ನೀರು ಕುಡಿಯಲು ಹೋಗುತ್ತಾರೆ, ಪಕ್ಕದವರದನ್ನು ನಕಲು ಮಾಡುತ್ತಾರೆ. ಅವರನ್ನು ಬೇರೆ ಗುಂಪು ಮಾಡಬೇಡಿ. ಒಬ್ಬ ಅಣ್ಣ ಪಕ್ಕದಲ್ಲಿ ಕೂತು ‘ನೀನು ಹೇಳು, ನಾನು ಬರ್ಕೊಂತೀನಿ’ ಎನ್ನಲಿ. ಮಗು ಹೇಳಿದ ಐದಾರು ವಾಕ್ಯವನ್ನು ಒಂದು ಅಕ್ಷರ ಬದಲಿಸದೆ ದೊಡ್ಡ ಅಕ್ಷರದಲ್ಲಿ, ಸಾಲುಬಿಟ್ಟು ಬರೆದುಕೊಳ್ಳಬೇಕು. ಬೆರಳಿಟ್ಟು ಓದಿ ತೋರಿಸಬೇಕು, ಮಗುವೂ ಜೊತೆಗೆ ಓದಬೇಕು. ತನ್ನ ಮಾತೇ ಆದ್ದರಿಂದ ಮುಂದಿನ ಪದ ಯಾವುದೆಂದು ಅದಕ್ಕೆ ಗೊತ್ತಿರುತ್ತದೆ, ಓದು ಸಲೀಸಾಗುತ್ತದೆ. ನಂತರ ಬಿಟ್ಟ ಸಾಲುಗಳಲ್ಲಿ ಅದು ತನ್ನ ಕೈಯಲ್ಲಿ ನೋಡಿ ಬರೆಯಲಿ. ಇಲ್ಲಿ ಸಾಮಾನ್ಯವಾಗಿ ಆಗುವ ಅನಾಹುತವೆಂದರೆ, ಅಣ್ಣ ವಾಕ್ಯವನ್ನು ‘ಸರಿಮಾಡಿ’ ಬರೆದುಕೊಳ್ಳುವುದು. ಮಗು ‘ನಮ್ಮೆಮ್ಮಿ ಕೆರ್ಯಾಗ ಇಳಿದು ಬರವಲ್ದು’ ಅಂದದ್ದನ್ನು ‘ನಮ್ಮ ಎಮ್ಮೆಯು ಕೆರೆಗೆ ಇಳಿದು ಬರುತ್ತಿಲ್ಲ’ ಎಂದು ಬರೆದರೆ ಮಗುವಿಗೆ ಅದನ್ನು ಓದಲೂ ಆಗುವುದಿಲ್ಲ, ಅದು ತನ್ನದು ಎಂದೂ ಅನ್ನಿಸುವುದಿಲ್ಲ.

ನಾಲ್ಕನೇ ಶನಿವಾರದ ಮೊದಲ ಅರ್ಧ ಗಂಟೆ ಕಟ್ಟುಕಥೆಗೆ. ‘ಇವತ್ತು ಸಂಜೆ ಊರಿಗೆ ಬರಬೇಕಾದ ಬಸ್ಸು ಬರಲೇ ಇಲ್ಲ, ಅದರಲ್ಲಿ ಯಾರಿದ್ದರು?’ ಇಷ್ಟು ಸಾಕು. ಉಳಿದ ಹೊತ್ತೆಲ್ಲ ಎರಡನೇ ಬರವಣಿಗೆಗೆ. ಈವರೆಗಿನ ಹಾಳೆಗಳನ್ನೆಲ್ಲ ಮುಂದೆ ಹರಡಿಕೊಂಡು ಒಂದನ್ನು ಮಗುವೇ ಆರಿಸಬೇಕು. ನೀವು ಆರಿಸಿ ಕೊಡಬೇಡಿ. ಆಮೇಲೆ ಮೂರೇ ಪ್ರಶ್ನೆ: ಯಾವುದು? ಎಲ್ಲಿ? ಯಾವಾಗ? ‘ಮರದ ಕೆಳಗೆ ಕೂತಿದ್ದೆವು’ ಎಂದಿದ್ದರೆ ಯಾವ ಮರ, ಬೇವೋ, ಹುಣಸೆಯೋ, ಜಾಲಿಯೋ? ಜಾಲಿಯಾದರೆ ಕೂರುವ ಮೊದಲು ಮುಳ್ಳು ಗುಡಿಸಿರಬೇಕಲ್ಲ, ಯಾರು ಗುಡಿಸಿದರು? ಒಂದು ಮರದ ಹೆಸರು ಬಂದರೆ ಅದರ ಹಿಂದೆ ಒಂದು ಕೆಲಸ, ಒಬ್ಬ ಮನುಷ್ಯ ಬರುತ್ತಾನೆ.

ತಿಳಿಯಲೆಂದು ಒಂದು ಮಾದರಿ ಕಟ್ಟಿ ಹೇಳುತ್ತೇನೆ. ಮೊದಲ ಬರಹ: ‘ನಮ್ಮ ಊರಿಗೆ ಬಸ್ಸಿನ ಸೌಕರ್ಯ ಇದೆ. ಇದರಿಂದ ವಿದ್ಯಾರ್ಥಿಗಳಿಗೆ ಹಾಗೂ ರೈತರಿಗೆ ಬಹಳ ಅನುಕೂಲವಾಗಿದೆ.’ ಮೂರು ಪ್ರಶ್ನೆಗಳಾದ ಮೇಲೆ: ‘ನಮ್ಮೂರಿಗೆ ಬಸ್ಸು ದಿನಕ್ಕೆ ಎರಡು ಸಲ ಬರ್ತೈತೆ. ಬೆಳಿಗ್ಗೆ ಮೊದ್ಲು ತರಕಾರಿ ಮೂಟೆ ಹತ್ತತಾವೆ, ಆಮೇಲೆ ದೊಡ್ಡೋರು, ಆಮೇಲೆ ನಾವು. ಕಂಡಕ್ಟರು ನಮ್ಮನ್ನ ಮೂಟೆ ಮ್ಯಾಗೆ ಕೂರ್ರಿ ಅಂತಾನೆ. ಸೊಪ್ಪಿನ ಮೂಟೆ ತಣ್ಣಗಿರ್ತೈತೆ.’ ಗಮನಿಸಿ, ಅಲಂಕಾರವೇನೂ ಸೇರಿಲ್ಲ. ‘ಸೌಕರ್ಯ’, ‘ಅನುಕೂಲ’ ಹೋಗಿ ಕಂಡದ್ದು ಬಂದಿದೆ. ಎರಡನೇ ಬರವಣಿಗೆಗೆ ಮೊದಲನೆಯದಕ್ಕಿಂತ ಬಹಳ ಹೆಚ್ಚು ಹೊತ್ತು ಕೊಡಿ, ಒಂದು ಹಾಳೆಗೆ ನಲವತ್ತು ನಿಮಿಷವಾದರೂ ಬೇಕು. ‘ಮತ್ತೆ ಬರೀಬೇಕಾ?’ ಎಂಬ ಗೊಣಗಾಟ ಬಂದೇ ಬರುತ್ತದೆ, ಏಕೆಂದರೆ ಶಾಲೆಯಲ್ಲಿ ಮತ್ತೆ ಬರೆಸುವುದು ಶಿಕ್ಷೆ, ‘ಹತ್ತು ಸಲ ಬರಿ’. ನಿಮ್ಮದೇ ಎರಡು ಹಾಳೆ, ಮೊದಲಿನದು ಮತ್ತು ತಿದ್ದಿದ್ದು, ಅವರ ಮುಂದೆ ಇಟ್ಟು ತೋರಿಸಿ. ಗೆರೆ ಎಳೆದ ಸಾಲುಗಳು ಕಾಣಲಿ.

ಓದುವ ಸರದಿಯಲ್ಲಿ ಹುಡುಗರು ಗಟ್ಟಿಯಾಗಿ ಓದಿ ಚಪ್ಪಾಳೆ ಗಿಟ್ಟಿಸುತ್ತಾರೆ, ಹುಡುಗಿಯರು ಹಾಳೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಆದ್ದರಿಂದ ಮೊದಲು ಇಬ್ಬಿಬ್ಬರೇ ಓದಿಕೊಳ್ಳಲಿ, ನಂತರ ಐವರ ಗುಂಪಿನಲ್ಲಿ, ಎಲ್ಲರ ಮುಂದೆ ಓದುವುದು ಮೂರನೇ ವಾರದ ನಂತರ, ಅದೂ ಇಷ್ಟವಿದ್ದವರಿಗೆ. ‘ಇವತ್ತು ಓದಲ್ಲ’ ಎನ್ನುವ ಹಕ್ಕು ಎಲ್ಲರಿಗೂ ಇರಲಿ, ಕಾರಣ ಕೇಳಬೇಡಿ. ಮೊದಲನೇ ಬಹುಮಾನ, ಎರಡನೇ ಬಹುಮಾನ ಕೊಡಲೇಬೇಡಿ. ಸ್ಪರ್ಧೆಗೆ ಪ್ರತಿಭಾ ಕಾರಂಜಿ ಇದೆ. ಇಲ್ಲಿ ಬಹುಮಾನ ಇಟ್ಟರೆ ಇಪ್ಪತ್ತೆಂಟು ಮಕ್ಕಳು ತಾವು ಸೋತೆವೆಂದು ಮನೆಗೆ ಹೋಗುತ್ತಾರೆ.

ಇನ್ನು ನಾನು ಗಟ್ಟಿಯಾಗಿ ಹೇಳಬೇಕಾದ ಮಾತು. ಹಳ್ಳಿ ಮಕ್ಕಳೆಂದರೆ ಕಷ್ಟದ ಕಥೆಯೇ ಬರೆಯಬೇಕು ಎಂಬ ಆಸೆ ನಿಮ್ಮಲ್ಲಿ ಹುಟ್ಟಬಹುದು. ಬರ, ಕುಡಿತ, ಸಾಲ, ಮುಟ್ಟಾದಾಗ ಹಟ್ಟಿಯ ಹೊರಗೆ ಕೂರಬೇಕಾದ ಹುಡುಗಿ. ಇವೆಲ್ಲ ಇವೆ, ಮಕ್ಕಳು ತಾವಾಗಿ ಬರೆದರೆ ತಲೆಬಾಗಿ ಓದಬೇಕು. ಆದರೆ ‘ನಿನ್ನ ಜೀವನದ ದುಃಖದ ಘಟನೆ ಬರಿ’ ಎಂದು ಕೇಳುವ ಅಧಿಕಾರ ನಿಮಗಿಲ್ಲ. ಮೂರು ಗಂಟೆಗೆ ನೀವು ಬಸ್ಸು ಹತ್ತುತ್ತೀರಿ, ಆ ಗಾಯ ತೆರೆದುಕೊಂಡು ಮನೆಗೆ ಹೋಗುವುದು ಮಗು. ಕ್ರಿಕೆಟ್ ಬಗ್ಗೆ, ದೆವ್ವದ ಬಗ್ಗೆ, ಮಂಡಕ್ಕಿ ಮೆಣಸಿನಕಾಯಿ ಬಗ್ಗೆ ಬರೆಯುವ ಸ್ವಾತಂತ್ರ್ಯ ಎಲ್ಲ ಮಕ್ಕಳಂತೆ ಅವರಿಗೂ ಇದೆ.

ಕೇಳದೆಯೂ ಕೆಲವು ಹಾಳೆಗಳಲ್ಲಿ ಹೊಡೆತ, ಮದುವೆಯ ಒತ್ತಾಯ, ಮೈಮುಟ್ಟಿದ್ದು ಬರುತ್ತದೆ. ಆಗ ಏನು ಮಾಡಬೇಕೆಂದು ಮೊದಲೇ ಗೊತ್ತಿರಬೇಕು. ಕಮ್ಮಟದ ಶುರುವಿನಲ್ಲೇ ಮಕ್ಕಳಿಗೆ ಹೇಳಿ: ‘ನೀವು ಬರೆದದ್ದನ್ನು ನಿಮ್ಮನ್ನು ಕೇಳದೆ ಯಾರಿಗೂ ತೋರಿಸಲ್ಲ, ಆದರೆ ನಿಮಗೆ ಯಾರಾದರೂ ತೊಂದರೆ ಕೊಡ್ತಿದ್ದಾರೆ ಅಂತ ಗೊತ್ತಾದರೆ ಸಹಾಯ ಮಾಡಬಲ್ಲ ದೊಡ್ಡವರಿಗೆ ಹೇಳಬೇಕಾಗ್ತದೆ.’ ಅಂಥ ಹಾಳೆ ಬಂದಾಗ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಗುಂಪಿನಲ್ಲಿ ಓದಿಸಬೇಡಿ, ಬಿಡಿಸಿ ಬಿಡಿಸಿ ಕೇಳಬೇಡಿ. ‘ನೀನು ಬರೆದದ್ದು ಒಳ್ಳೆಯದಾಯ್ತು’ ಎಂದು ಹೇಳಿ, ಅದೇ ದಿನ ಜೊತೆಗಿರುವ ಅಧ್ಯಾಪಕರಿಗೆ ತಿಳಿಸಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದು ಅಪರಾಧ. ಶಾಲೆಯವರೇ ಬೇಡ ಅಂದರೂ ಆ ಹೊಣೆ ನಿಮ್ಮಿಂದ ತಪ್ಪುವುದಿಲ್ಲ. ಹದಿನೆಂಟಕ್ಕೆ ಮೊದಲೇ ಹುಡುಗಿಗೆ ಮದುವೆ ಗೊತ್ತಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಆ ಸಂಖ್ಯೆ ಮೊದಲ ದಿನವೇ ಗೋಡೆಯ ಮೇಲಿರಲಿ. ಮಕ್ಕಳ ಮುಖ ಅಥವಾ ಹಾಳೆಯ ಫೋಟೊ ನಿಮ್ಮ ಸ್ಟೇಟಸ್‌ಗೆ ಬರಕೂಡದು. ಕಮ್ಮಟದ ಹೊತ್ತಿನಲ್ಲಿ ಆರೂ ಜನರ ಮೊಬೈಲು ಒಂದು ಚೀಲದಲ್ಲಿರಲಿ, ಅಧ್ಯಾಪಕರದು ಮಾತ್ರ ಹೊರಗಿರಲಿ.

ಐದನೇ ಶನಿವಾರ ಪುಸ್ತಕ. ಮೂವತ್ತು ಮಕ್ಕಳಿಗೆ ಮೂವತ್ತು ಪುಟ, ಹೊದಿಕೆಗೆ ಎರಡು, ಒಟ್ಟು ಮೂವತ್ತೆರಡು. ಎ4 ಹಾಳೆಯನ್ನು ಮಡಚಿದರೆ ನಾಲ್ಕು ಪುಟವಾಗುವುದರಿಂದ ಎಂಟು ಹಾಳೆ. ಪುಟಕ್ಕೆ ಒಂದು ಮಗು, ಯಾರೂ ಬಿಟ್ಟುಹೋಗಬಾರದು, ಯಾರಿಗೂ ಎರಡು ಪುಟವಿಲ್ಲ. ಅರ್ಧ ಎ4 ಪುಟದಲ್ಲಿ ಕೈಬರಹದಲ್ಲಿ ಎಂಬತ್ತರಿಂದ ನೂರು ಪದ ಹಿಡಿಯುತ್ತವೆ. ಕಾಗುಣಿತ ನೋಡುವುದು ಈಗ, ಮಗುವಿನ ಪಕ್ಕದಲ್ಲಿ ಕೂತು, ಪೆನ್ಸಿಲ್ಲಿನಲ್ಲಿ. ಆಡುಮಾತನ್ನು ಮುಟ್ಟಬೇಡಿ, ಕೈತಪ್ಪಿದ್ದನ್ನು ಮಾತ್ರ ತೋರಿಸಿ. ಅಚ್ಚುಕಟ್ಟು ಪ್ರತಿಯನ್ನು ಕಪ್ಪು ಪೆನ್ನಿನಲ್ಲೇ ಬರೆಸಿ, ನೀಲಿ ಶಾಯಿ ಜೆರಾಕ್ಸಿನಲ್ಲಿ ಮಾಸಲಾಗುತ್ತದೆ. ನಾಲ್ಕೂ ಕಡೆ ಒಂದೂವರೆ ಸೆಂಟಿಮೀಟರ್ ಅಂಚು ಬಿಡಿ, ಇಲ್ಲದಿದ್ದರೆ ಯಂತ್ರ ಸಾಲಿನ ತುದಿಯನ್ನು ನುಂಗುತ್ತದೆ. ಬಿಡಿ ಅರ್ಧ ಹಾಳೆಗಳಲ್ಲಿ ಬರೆಸಿ, ಆಮೇಲೆ ಎರಡೆರಡನ್ನು ಜೋಡಿಸಿ. ಎಲ್ಲರೂ ತಪ್ಪುವುದು ಈ ಜೋಡಣೆಯಲ್ಲೇ. ಒಂದೇ ಬದಿಯಲ್ಲಿ ಬರುವ ಎರಡು ಪುಟಸಂಖ್ಯೆಗಳನ್ನು ಕೂಡಿದರೆ ಯಾವಾಗಲೂ ಮೂವತ್ತಮೂರು ಬರಬೇಕು: ಹೊರಗಿನ ಹಾಳೆಯಲ್ಲಿ 32 ಮತ್ತು 1, ಅದರ ಬೆನ್ನಿಗೆ 2 ಮತ್ತು 31, ಮುಂದಿನ ಹಾಳೆಯಲ್ಲಿ 30 ಮತ್ತು 3, ನಟ್ಟನಡುವೆ 16 ಮತ್ತು 17. ಎಡಬಲ ಅದಲುಬದಲಾಗದಂತೆ ಒಂದು ಖಾಲಿ ಪ್ರತಿಯನ್ನು ಮೊದಲು ಮಡಚಿ, ಸಂಖ್ಯೆ ಹಾಕಿ, ಬಿಚ್ಚಿ ನೋಡಿಕೊಳ್ಳಿ. ನಲವತ್ತು ಪ್ರತಿಗೆ 320 ಹಾಳೆ ಬೇಕು, ಎರಡೂ ಬದಿಗೆ 640 ಜೆರಾಕ್ಸ್. ರೀಮಿನಲ್ಲಿ ಉಳಿದದ್ದು ಸರಿಯಾಗಿ 320 ಹಾಳೆಯೇ, ಕೆಟ್ಟುಹೋಗುವ ಹಾಳೆಗೆಂದು ಇಪ್ಪತ್ತು ಹೆಚ್ಚಿಗೆ ತನ್ನಿ. ಜೆರಾಕ್ಸ್ ಅಂಗಡಿ ಹಳ್ಳಿಯಲ್ಲಿರುವುದಿಲ್ಲ, ಆದ್ದರಿಂದ ಅಚ್ಚುಕಟ್ಟು ಪ್ರತಿಗಳನ್ನು ನೀವು ಪೇಟೆಗೆ ಒಯ್ದು, ಸೋಮವಾರವೋ ಮಂಗಳವಾರವೋ ಮರಳಿ ತಂದು ಮಕ್ಕಳ ಕೈಯಲ್ಲೇ ಹೊಲಿಸಿ. ಮಡಿಕೆಯ ಮೇಲೆ ಮೂರು ತೂತು, ದಬ್ಬಣ, ದಪ್ಪ ದಾರ. ನಡುವಿನ ತೂತಿನಿಂದ ಶುರುಮಾಡಿ ಅಲ್ಲೇ ಗಂಟು ಹಾಕಿ. ಸಾಮಾನ್ಯ ಸ್ಟೇಪ್ಲರ್ ಮಡಿಕೆಯವರೆಗೆ ಮುಟ್ಟುವುದಿಲ್ಲ.

ಮಕ್ಕಳಿಗೆ ಮೂವತ್ತು ಪ್ರತಿ, ನಿಮಗೆ ಆರು, ಶಾಲೆಯ ಗ್ರಂಥಾಲಯಕ್ಕೆ ಒಂದು, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಒಂದು. ಉಳಿದ ಎರಡು, ಆ ದಿನ ಶಾಲೆಗೆ ಬರಲಾಗದ ಮಗುವಿನ ಮನೆಗೆ ತಲುಪಿಸುವಾಗ ಕಳೆದುಹೋಗುವುದಕ್ಕೆ ಬೇಕೇ ಬೇಕಾಗುತ್ತವೆ. ತನ್ನ ಪುಟವನ್ನು ಹೊರಗಿನವರಿಗೆ ಕೊಡುವುದು ಬೇಡ ಅನ್ನುವ ಮಗುವಿಗೆ ಬೇರೆ ಬರಹ ಆರಿಸಲು, ಅಥವಾ ಹೆಸರು ಬದಲಿಸಿ ಹಾಕಲು ಅವಕಾಶವಿರಲಿ. ಮೊದಲ ಬರಹದ ಹಾಳೆಗಳನ್ನೆಲ್ಲ ಮಕ್ಕಳಿಗೇ ಹಿಂದಿರುಗಿಸಿ, ನಿಮ್ಮ ಕಾಲೇಜಿನ ವರದಿಗೆಂದು ಇಟ್ಟುಕೊಳ್ಳಬೇಡಿ.

ಆಮೇಲೆ ತಿಂಗಳಿಗೊಂದು ಪೋಸ್ಟ್ ಕಾರ್ಡ್. ಪ್ರತಿಯೊಬ್ಬರೂ ತಮ್ಮ ಗುಂಪಿನ ಐವರಿಗೆ, ಮನೆಯ ವಿಳಾಸಕ್ಕಲ್ಲ, ಶಾಲೆಯ ವಿಳಾಸಕ್ಕೆ, ಮುಖ್ಯ ಶಿಕ್ಷಕರ ಮೂಲಕ. ಕಾರ್ಡಿನಲ್ಲಿ ಒಂದೇ ಪ್ರಶ್ನೆ ಇರಲಿ, ಅದು ಆ ಮಗು ಬರೆದದ್ದರಿಂದಲೇ ಹುಟ್ಟಿದ್ದಾಗಿರಲಿ: ‘ಆ ಕಂಡಕ್ಟರ್ ಈಗಲೂ ಮೂಟೆಯ ಮೇಲೆ ಕೂರಿಸ್ತಾನಾ?’ ಉತ್ತರ ಬರೆಯಲು ವಿಳಾಸ ಬರೆದ ಖಾಲಿ ಕಾರ್ಡನ್ನೂ ಜೊತೆಗೆ ಲಕೋಟೆಯಲ್ಲಿ ಹಾಕಿ. ಫೆಬ್ರವರಿಯವರೆಗೆ ಐದಾರು ಕಾರ್ಡು ಆಗುತ್ತವೆ. ಮಾರ್ಚ್‌ನಲ್ಲಿ ಅವರಿಗೆ ಪರೀಕ್ಷೆ, ಅಲ್ಲಿಗೆ ನಿಲ್ಲಿಸಿ. ನಿಲ್ಲಿಸುವ ಕಾರ್ಡಿನಲ್ಲಿ ‘ಇದು ಕೊನೆಯ ಕಾರ್ಡು’ ಎಂದು ಬರೆಯಿರಿ, ಕಾಯಿಸಬೇಡಿ.